ಒಂದು ಹಿಡಿ ಗರಿ

“ನಿಮ್ಮ ನಾಯಿ ನಮ್ಮ ದೊಡ್ಡಮ್ಮನ್ನ ತಿಂದ್ಬಿಟ್ಟಿದೆ!”

ಬೀದಿಯ ನಟ್ಟನಡುವೆ ನಿಂತು ಅವಳು ಕೂಗಿದ ಕೂಗಿಗೆ ಹಾಲಿನಂಗಡಿಯವರು ಹಾಲು ಅಳೆಯುವುದನ್ನೇ ಮರೆತರು. ಮೂಲೆಮನೆ ಆಂಟಿ ಹಿಂಡುತ್ತಿದ್ದ ಬಟ್ಟೆ ಹಿಡಿದುಕೊಂಡೇ ಗೇಟಿಗೆ ಓಡಿ ಬಂದರು.

ಹೆಗಲಿಗೆ ಚೀಲ ಏರಿಸುತ್ತಿದ್ದ ಪೋಸ್ಟ್‌ಮ್ಯಾನ್ ಗರಬಡಿದವನಂತೆ ನಿಂತ. ಅವನು ಪಕ್ಕದ ಮನೆಗೆ ಬಾಡಿಗೆಗೆ ಬಂದು ಇನ್ನೂ ಎರಡು ವಾರವೂ ಆಗಿರಲಿಲ್ಲ.

“ಯಾ... ಯಾರ ದೊಡ್ಡಮ್ಮ ರೀ?”

“ನಮ್ಮ ಕೋಳಿ!”

ಯಾರೋ ಕಿಸಕ್ಕನೆ ನಕ್ಕರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮುಷ್ಟಿ ಬಿಚ್ಚಿ ಅವನ ಮುಖದ ಮುಂದೆ ಹಿಡಿದಳು. ಒಂದು ಹಿಡಿ ಕಂದು ಗರಿ!

“ಬಟಾಣಿ ಬಳ್ಳಿ ಹತ್ರ ಬಿದ್ದಿದ್ವು. ನಿಮ್ಮ ನಾಯಿ ಅಲ್ಲಿಂದ್ಲೇ ಓಡಿ ಬಂದಿದ್ದು ನಾನು ಕಣ್ಣಾರೆ ನೋಡಿದೀನಿ. ಬೇಕಿದ್ರೆ ಅದರ ಮೂತಿ ನೋಡಿ!”

ಎಲ್ಲರೂ ನೋಡಿದರು. ನಾಯಿಯ ಮೂತಿಯ ತುದಿಯಲ್ಲಿ ಒಂದು ಪುಟ್ಟ ಗರಿ ಅಂಟಿಕೊಂಡಿತ್ತು. ಇಷ್ಟು ಜನ ಒಟ್ಟಿಗೆ ತನ್ನನ್ನೇ ನೋಡುತ್ತಿದ್ದಾರಲ್ಲ ಎಂಬ ಖುಷಿಗೆ ಅದು ಜೋರಾಗಿ ಬಾಲ ಅಲ್ಲಾಡಿಸಿತು.

ಅಷ್ಟೇ ಸಾಕಾಯಿತು. ನಮ್ಮ ಚಪ್ಪಲಿ ಕಚ್ಚಿಕೊಂಡು ಹೋದದ್ದೂ ಇದೇ, ನಮ್ಮ ಹೂವಿನ ಕುಂಡ ಉರುಳಿಸಿದ್ದೂ ಇದೇ ಎಂದು ಬೀದಿಯವರೆಲ್ಲ ಒಬ್ಬೊಬ್ಬರಾಗಿ ಶುರು ಹಚ್ಚಿಕೊಂಡರು.

“ತಪ್ಪಾಯ್ತು ರೀ,” ಎಂದ ಪೋಸ್ಟ್‌ಮ್ಯಾನ್ ತಲೆ ತಗ್ಗಿಸಿ. “ಇವತ್ತಿಂದ ಕಟ್ಟಿ ಹಾಕ್ತೀನಿ.”

ಗೆದ್ದು ಮನೆಯೊಳಗೆ ಬಂದವಳಿಗೆ ಆ ತಗ್ಗಿದ ತಲೆ ಯಾಕೋ ದಿನವಿಡೀ ಕಣ್ಣ ಮುಂದೆಯೇ ಇತ್ತು.

ಅವಳದು ಹೊಲಿಗೆಯ ಕೆಲಸ. ಸಡಿಲವಾದದ್ದನ್ನು ಬಿಗಿ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಹರಿದ ಜೇಬಿಗೆ ಹೊಸ ಜೇಬು. ಮನೆಯಲ್ಲಿ ಅವಳು, ಅಜ್ಜಿ, ಹಿತ್ತಿಲಲ್ಲಿ ಆರು ಕೋಳಿ, ಒಂದು ಹುಂಜ. ಆರರಲ್ಲಿ ಹಿರಿಯದು, ಉಳಿದವನ್ನೆಲ್ಲ ಕುಕ್ಕಿ ಕುಕ್ಕಿ ಸಾಲಿನಲ್ಲಿ ನಿಲ್ಲಿಸುತ್ತಿದ್ದದ್ದು ದೊಡ್ಡಮ್ಮ. ಕೋಳಿಯ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬುದು ಅವಳ ದೊಡ್ಡ ಹೆಮ್ಮೆ.

ಆ ಹೆಮ್ಮೆ ನಾಲ್ಕೇ ದಿನಕ್ಕೆ ಮಣ್ಣುಪಾಲಾಯಿತು.

ವಸಂತಕ್ಕೆ ಹಿತ್ತಿಲು ಹುಚ್ಚೆದ್ದು ಬೆಳೆದಿತ್ತು. ಬಟಾಣಿ ಬಳ್ಳಿ ಬಿಳಿ ಹೂ ಬಿಟ್ಟು ಬೇಲಿಗೆಲ್ಲ ಹಬ್ಬಿತ್ತು, ಪುದೀನ ತನ್ನ ಪಾತಿ ಬಿಟ್ಟು ದಾರಿಗೇ ಬಂದಿತ್ತು. ಕಳೆ ಕೀಳುತ್ತಾ ಬಳ್ಳಿಯ ಹಿಂದಕ್ಕೆ ಕೈ ಹಾಕಿದಳು. ಅಲ್ಲಿ ಬೋರಲಾಗಿ ಬಿದ್ದಿದ್ದ ಒಡಕು ಟಬ್ಬಿನ ಕೆಳಗಿನಿಂದ ಯಾರೋ ಅವಳ ಕೈಯನ್ನು ಟಪ್ಪನೆ ಕುಕ್ಕಿದರು!

ಬಗ್ಗಿ ನೋಡಿದಳು.

ದೊಡ್ಡಮ್ಮ! ರೆಕ್ಕೆ ಹರಡಿ, ಕತ್ತು ಉಬ್ಬಿಸಿ, ಕಾವು ಕೂತಿತ್ತು. ಎದೆಯ ಗರಿಯನ್ನೆಲ್ಲ ತಾನೇ ಕಿತ್ತು ಮೊಟ್ಟೆಗಳ ಕೆಳಗೆ ಹಾಸಿಕೊಂಡಿತ್ತು. ಹಾಸಿ ಮಿಕ್ಕದ್ದು ಗಾಳಿಗೆ ಸುತ್ತಮುತ್ತ ಹಾರಿತ್ತು.

“ಅಯ್ಯೋ ನನ್ನ ಬಂಗಾರಿ... ಬದುಕಿದೀಯಾ!”

ಸಂತೋಷ ಒಂದೇ ಕ್ಷಣ. ಮರುಕ್ಷಣ ಅವಳು ಮಣ್ಣಿನಲ್ಲೇ ಕೂತುಬಿಟ್ಟಳು. ಕಾವು ಕೂರುವ ಕೋಳಿ ಎದೆಗರಿ ಕೀಳುತ್ತದೆ ಎಂಬುದು ಏಳನೇ ವಯಸ್ಸಿನಿಂದ ಗೊತ್ತು ಅವಳಿಗೆ. ಆ ಹಿಡಿಯಲ್ಲಿ ಒಂದು ತೊಟ್ಟು ರಕ್ತ ಇತ್ತಾ? ಒಂದು ರೆಕ್ಕೆಗರಿ ಇತ್ತಾ? ಎಲ್ಲ ಮೆತ್ತನೆಯ ಎದೆಗರಿ. ಕೈಯಲ್ಲೇ ಇತ್ತು, ನೋಡಲಿಲ್ಲ. ಪಾಪದ ನಾಯಿ ಸುಮ್ಮನೆ ಮೂಸಿ ನೋಡಿದ್ದಷ್ಟೇ!

ಛೀ! ನಾನೆಂಥವಳು!

ಈಗಲೇ ಹೋಗಿ ಹೇಳಿಬಿಡಬೇಕು ಎಂದು ಎದ್ದಳು. ಕೈ ತೊಳೆದು, ಎದೆ ಗಟ್ಟಿ ಮಾಡಿಕೊಂಡು ಗೇಟು ತೆಗೆದರೆ... ಎದುರಿಗೆ ಅವನೇ! ಕೈಯಲ್ಲಿ ತೂತು ಮಾಡಿದ ರಟ್ಟಿನ ಪೆಟ್ಟಿಗೆ. ತೂತಿನಿಂದ ಒಂದು ಕೆಂಪು ಜುಟ್ಟು ಇಣುಕುತ್ತಿತ್ತು.

“ನಿಮ್ಮ ದೊಡ್ಡಮ್ಮನ ಜಾಗಕ್ಕೆ ಆಗಲ್ಲ, ಗೊತ್ತು,” ಎಂದ ಸಂಕೋಚದಿಂದ. “ಆದ್ರೂ... ಇಟ್ಕೊಳ್ಳಿ. ಇದು ತುಂಬಾ ಪುಕ್ಕಲು. ಕಂಡವರಿಗೆಲ್ಲ ಹೆದರುತ್ತೆ.”

ಬಿಳಿ ಹ್ಯಾಟೆಕೋಳಿ. ಹೇಳು... ಈಗ ಹೇಳು... ಬಾಯಿ ತೆರೆದಳು.

“ಥ್ಯಾಂಕ್ಸ್,” ಅಂದಳು.

ಅಷ್ಟೇ! ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಆದರೆ ಅದು ಬಿಡಲಿಲ್ಲ, ಅಂಥ ಹೊತ್ತಿನಲ್ಲಿ ಅದು ಎಂದೂ ಬಿಡುವುದಿಲ್ಲ.

ಅಂದು ಹೇಳದ ಮಾತು ಮಾರನೆಯ ದಿನಕ್ಕೆ ಎರಡರಷ್ಟು ಭಾರವಾಯಿತು. ವಾರ ಕಳೆಯುವಷ್ಟರಲ್ಲಿ ಎತ್ತಲಾಗದಷ್ಟು. ಅವಳು ಸೆರಗಿನ ಮರೆಯಲ್ಲಿ ಕಾಳು, ನೀರು ಒಯ್ದು ಕಳ್ಳಿಯ ಹಾಗೆ ದೊಡ್ಡಮ್ಮನಿಗೆ ಕೊಟ್ಟು ಬರುತ್ತಿದ್ದಳು. ಬೇಲಿಯಾಚೆ ನಲ್ಲಿಯ ಕಂಬಕ್ಕೆ ಕಟ್ಟಿದ್ದ ನಾಯಿ ಅವಳನ್ನು ಕಂಡಾಗಲೆಲ್ಲ ಎದ್ದು, ಹಗ್ಗ ಬಿಡುವಷ್ಟು ದೂರ ಬಂದು ಬಾಲ ಅಲ್ಲಾಡಿಸುತ್ತಿತ್ತು. ಒಂದು ದಿನವಾದರೂ ಬೊಗಳಬಾರದೇ? ಬೊಗಳಿದ್ದರೆ ಅವಳಿಗೆ ಇಷ್ಟು ನೋಯುತ್ತಿರಲಿಲ್ಲ.

ಭಾನುವಾರ ಅವನು ಬೇಲಿಯ ಕಂಡಿಗೆ ತಂತಿ ಜಾಲರಿ ಬಿಗಿಯಲು ಬಂದ. ಅವಳು ಮೊಳೆ ಹಿಡಿದು ನಿಂತಳು.

“ಪೋಸ್ಟ್‌ಮ್ಯಾನ್ ಆಗಿ ನಾಯಿ ಸಾಕಿದೀರಲ್ಲ!” ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದಳು.

ಅವನು ನಕ್ಕು ಪ್ಯಾಂಟಿನ ಅಂಚು ಎತ್ತಿ ತೋರಿಸಿದ. ಮೀನಖಂಡದ ಮೇಲೆ ಹಲ್ಲಿನ ಗುರುತು. “ಇವನೇ ಕಚ್ಚಿದ್ದು. ಹಳೇ ಬೀದೀಲಿ. ಆ ಮನೆಯವರು ಇವನ್ನ ಬಿಟ್ಟು ಊರು ಖಾಲಿ ಮಾಡಿದ್ರು. ಖಾಲಿ ಮನೆ ಮುಂದೆ ಹತ್ತು ದಿನ ಕಾದ ರೀ... ಹನ್ನೊಂದನೇ ದಿನ ನನ್ನ ಹಿಂದೇನೇ ಬಂದ. ಯಾರೂ ಬಿಡಿಸ್ಕೊಳ್ದೆ ಉಳಿದೋದವನು ಅಂತ ‘ಪಾರ್ಸಲ್’ ಅಂತ ಹೆಸರಿಟ್ಟೆ.”

ಅವಳ ಕೈಯಿಂದ ಮೊಳೆ ಜಾರಿತು.

“ನಿಮ್ಮ ಮೇಲೆ ನನಗೆ ಬೇಜಾರಿಲ್ಲ,” ಎಂದ ಅವನು ಮೊಳೆ ಹೆಕ್ಕಿ ಕೊಡುತ್ತಾ. “ಜನ ಹಿಂದೆ ಒಂದು, ಮುಂದೆ ಒಂದು ಆಡ್ತಾರೆ. ನೀವು ಹಾಗಲ್ಲ. ಮುಚ್ಚುಮರೆ ಇಲ್ಲ, ಮುಖದ ಮೇಲೇ ಹೇಳ್ತೀರಿ. ನನಗೆ ಅದೇ ನಿಮ್ಮಲ್ಲಿ... ತುಂಬಾ ಹಿಡಿಸ್ತು.”

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಚುರುಕ್ಕೆನ್ನುತ್ತಿರಲಿಲ್ಲ. ನಾಲ್ಕು ಹೆಜ್ಜೆಯ ಆಚೆ, ಬಳ್ಳಿಯ ಹಿಂದೆ ದೊಡ್ಡಮ್ಮ ಕೂತಿತ್ತು! ಈಗ ಹೇಳಿದರೆ ಈ ಕಣ್ಣುಗಳಲ್ಲಿರುವ ಮೆಚ್ಚುಗೆ ಆರಿಹೋಗುತ್ತದೆ. ಆ ಮೆಚ್ಚುಗೆಗಾಗಿ ತಾನು ದಿನಾ ಕಾಯುತ್ತಿದ್ದೇನೆ, ಅವನ ಸೈಕಲ್ ಬೆಲ್ಲಿಗೆ ಹೊಲಿಗೆ ತಪ್ಪುತ್ತಿದೆ... ಇದು ಪ್ರೀತಿ ಅಲ್ಲದೆ ಇನ್ನೇನು?

ಇಂಥ ಸುಳ್ಳಿನ ಮೇಲೆ ಪ್ರೀತಿಯಾ? ಥೂ!

ಅಂದೂ ಹೇಳಲಿಲ್ಲ.

ಆ ಕೂಗಾಟದ ಇಪ್ಪತ್ತನೆಯ ದಿನ ಅವನು ಕಾಗದ ಕೊಡಲು ಬಂದಾಗ ಬೆಲ್ ಮಾಡಲಿಲ್ಲ. ಮುಖ ಬಾಡಿತ್ತು.

“ಬೀದಿಯವರೆಲ್ಲ ಸೇರಿ ಮನೆ ಓನರ್ ಹತ್ರ ಹೇಳಿದಾರೆ. ಕೋಳಿ ತಿಂದ ನಾಯಿ ನಾಳೆ ಮಕ್ಕಳನ್ನ ಕಚ್ಚುತ್ತೆ ಅಂತ. ನಾಳೆ ಬೆಳಿಗ್ಗೆ ನಮ್ಮ ಭಾವ ವ್ಯಾನ್ ತರ್ತಾರೆ. ಅವರ ಇಟ್ಟಿಗೆ ಕಾರ್ಖಾನೇಲಿ ಕಾವಲಿಗೆ ಹಾಕ್ಕೋತಾರಂತೆ.” ಅವನ ದನಿ ಒಡೆಯಿತು. “ಅಲ್ಲಿ ಹಗಲೂ ಇರುಳೂ ಸರಪಳಿ ರೀ. ಇನ್ನೊಂದ್ಸಲ ಬಿಟ್ಟುಹೋದ್ರು ಅಂದ್ಕೋತಾನೆ ಅವನು.”

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅವನು ಹೋದ ಮೇಲೂ ಹಾಗೇ ನಿಂತಿದ್ದಳು.

ಒಳಗೆ ಅಜ್ಜಿ ಕಾಳಿನ ಡಬ್ಬಿ ಅಲ್ಲಾಡಿಸಿ ನೋಡುತ್ತಿದ್ದರು. “ಪುಟ್ಟೀ, ಸತ್ತಿರೋ ಕೋಳಿ ಬಹಳ ತಿನ್ನುತ್ತೆ ಕಣೇ.”

“ಅಜ್ಜೀ! ನಿಂಗೆ... ಗೊತ್ತಿತ್ತಾ?”

“ಕಣ್ಣು ಮಂಜಾಗಿದೆ, ಕಿವಿ ಅಲ್ಲ. ಕಾವು ಕೂತ ಕೋಳಿ ಗೊಣಗೋದು ಕೇಳ್ಸಲ್ವಾ ನಂಗೆ?”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನಾನ್ಯಾಕೆ ಹೇಳ್ಲಿ? ಬೀದೀಲಿ ನಿಂತು ಕೂಗಿದ್ದು ನಾನಾ?”

ಅವಳು ಅಜ್ಜಿಯ ಮಡಿಲಿಗೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು. “ನಾಚಿಕೆ ಆಗುತ್ತಜ್ಜೀ... ಅವರು ನನ್ನ ಮುಖಾನೂ ನೋಡಲ್ಲ ಇನ್ನು...”

“ನೋಡದೆ ಇರಬಹುದು,” ಎಂದರು ಅಜ್ಜಿ, ಕೂದಲು ಸವರುತ್ತಾ. ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಬೆಳಿಗ್ಗೆ ಅವಳು ಟಬ್ಬಿನ ಬಳಿ ಕೂತು ಕಿವಿಗೊಟ್ಟಳು. ದೊಡ್ಡಮ್ಮನ ಹೊಟ್ಟೆಯ ಕೆಳಗಿನಿಂದ ಸಣ್ಣದಾಗಿ... ಚಿಂವ್! ಅದೇ ಹೊತ್ತಿಗೆ ಬೀದಿಯಲ್ಲಿ ವ್ಯಾನಿನ ಸದ್ದು.

ಅವಳು ಓಡಿದಳು. ಕಾಲಲ್ಲಿ ಚಪ್ಪಲಿ ಇಲ್ಲ, ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದೆ. ಪಾರ್ಸಲ್ ವ್ಯಾನಿಗೆ ಬೆನ್ನು ಕೊಟ್ಟು ನಾಲ್ಕೂ ಕಾಲು ಊರಿ ನಿಂತಿತ್ತು. ಹಗ್ಗದ ತುದಿ ಭಾವನ ಕೈಯಲ್ಲಿ. ಪೋಸ್ಟ್‌ಮ್ಯಾನ್ ಬೇರೆ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದ.

ಅಂದು ನಿಂತಿದ್ದ ಜಾಗದಲ್ಲೇ ಅವಳು ನಿಂತಳು. ಅಂದಿನಷ್ಟೇ ಗಟ್ಟಿಯಾಗಿ ಕೂಗಿದಳು.

“ನಿಲ್ಲಿಸಿ! ಆ ನಾಯಿ ಏನೂ ತಿಂದಿಲ್ಲ! ದೊಡ್ಡಮ್ಮ ಬದುಕಿದೆ, ನಮ್ಮ ಹಿತ್ತಿಲಲ್ಲೇ ಕಾವು ಕೂತಿದೆ! ತಪ್ಪು ನಂದು... ಎಲ್ಲರೂ ಕೇಳಿಸ್ಕೊಳ್ಳಿ, ತಪ್ಪು ನಂದು!”

ಹಾಲಿನಂಗಡಿಯವರು ಮತ್ತೆ ಅಳತೆ ಮರೆತರು. ಮೂಲೆಮನೆ ಆಂಟಿ ತಮ್ಮ ಕಾಲ ಬೆರಳು ನೋಡಿಕೊಂಡರು. ಅವಳ ಕೆನ್ನೆ, ಕಿವಿ ಎಲ್ಲ ಧಗಧಗ ಎನ್ನುತ್ತಿತ್ತು.

ಪೋಸ್ಟ್‌ಮ್ಯಾನ್ ನಿಧಾನಕ್ಕೆ ಹತ್ತಿರ ಬಂದ. ಒಂದು ಕ್ಷಣ ಅವನ ಮುಖ ಅರಳಿತು. ಆಮೇಲೆ ಏನೋ ಹೊಳೆದವನಂತೆ ಕೇಳಿದ.

“ನಿಮಗೆ ಯಾವಾಗ ಗೊತ್ತಾಯ್ತು?”

ಇವತ್ತೇ ಎಂದುಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ!

“ಹದಿನೇಳು ದಿನ ಆಯ್ತು,” ಎಂದಳು. “ನೀವು ಬಿಳಿ ಕೋಳಿ ತಂದ್ರಲ್ಲ... ಅವತ್ತೇ.”

ಅವನು ಭಾವನ ಕೈಯಿಂದ ಹಗ್ಗ ಬಿಡಿಸಿಕೊಂಡು, ಪಾರ್ಸಲ್‌ನನ್ನು ಕರೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಚಿಲಕದ ಸದ್ದು ಅವಳ ಎದೆಗೇ ಕೇಳಿಸಿತು.

ಆಮೇಲಿನ ದಿನಗಳಲ್ಲಿ ಅವಳ ಮನೆಯ ಕಾಗದಗಳು ಗೇಟಿನ ಸಂದಿಯಿಂದ ಒಳಗೆ ಬೀಳುತ್ತಿದ್ದವು. ಬೆಲ್ ಇಲ್ಲ, ದನಿ ಇಲ್ಲ. ಒಂಬತ್ತು ಮರಿಗಳು ದೊಡ್ಡಮ್ಮನ ಹಿಂದೆ ಉರುಳಾಡಿಕೊಂಡು ಓಡುತ್ತಿದ್ದವು. ನೋಡಿ ನಗುವ ಮನಸ್ಸು ಅವಳಿಗಿರಲಿಲ್ಲ. ಬಾಗಿಲು ತಟ್ಟುವ ಮುಖವೂ ಇರಲಿಲ್ಲ.

ಐದನೆಯ ದಿನ ಒಂದು ಉಪಾಯ ಹೊಳೆಯಿತು. ಕಾಗದ ಬರೆದು, ಅಂಚೆಚೀಟಿ ಅಂಟಿಸಿ, ದೊಡ್ಡ ಅಂಚೆ ಕಚೇರಿಯ ಡಬ್ಬಿಗೆ ಹಾಕಿ ಬಂದಳು. ಮೇಲೆ ವಿಳಾಸ: “ಪಾರ್ಸಲ್ ಅವರಿಗೆ, ಪೋಸ್ಟ್‌ಮ್ಯಾನ್ ಅವರ ಮನೆ.” ಅವಳ ಮನೆಯ ಬಾಗಿಲನ್ನು ಅವನು ತಪ್ಪಿಸಬಹುದು. ಬಂದ ಕಾಗದವನ್ನು ತಲುಪಿಸದೆ ಇರುವ ಹಾಗಿಲ್ಲವಲ್ಲ!

ಅದರಲ್ಲಿ ಹೀಗಿತ್ತು.

“ಪಾರ್ಸಲ್, ನಿನಗೆ ಓದಲು ಬರುವುದಿಲ್ಲ, ಮನೆಯವರು ಓದಿ ಹೇಳುತ್ತಾರೆ. ನೀನು ಮೂಸಿದ ಗರಿ ದೊಡ್ಡಮ್ಮ ತಾನೇ ಕಿತ್ತದ್ದು. ಗೊತ್ತಾದ ದಿನವೇ ನಿನ್ನ ಹಗ್ಗ ಬಿಚ್ಚಬಹುದಿತ್ತು. ಬಿಚ್ಚಲಿಲ್ಲ. ನಿನ್ನ ಯಜಮಾನರು ನನ್ನನ್ನು ಒಳ್ಳೆಯವಳು ಅಂದುಕೊಂಡಿದ್ದರು, ಅದನ್ನು ಕಳೆದುಕೊಳ್ಳಲು ಹೆದರಿದೆ. ನನ್ನ ಮರ್ಯಾದೆ ಉಳಿಸಿಕೊಳ್ಳಲು ನಿನ್ನನ್ನು ಹದಿನೇಳು ದಿನ ಕಟ್ಟಿಸಿದೆ. ಅಷ್ಟು ದಿನವೂ ನೀನು ನನ್ನನ್ನು ಕಂಡು ಬಾಲ ಅಲ್ಲಾಡಿಸಿದೆ. ಕ್ಷಮಿಸು ಎಂದು ಕೇಳಲೂ ನಾಚಿಕೆಯಾಗುತ್ತದೆ. ಆದರೂ ಕೇಳುತ್ತಿದ್ದೇನೆ.”

ಎರಡು ದಿನ ಕಳೆಯಿತು. ಮೂರನೆಯ ದಿನ ಸಂಜೆ ಅವಳು ಅಂಗಿಯ ಗುಂಡಿಗೆ ಕಾಜಾ ಮಾಡುತ್ತಾ ಕೂತಿದ್ದಾಗ... ಟ್ರಿಣ್!

ಸೂಜಿ ಬೆರಳಿಗೆ ಚುಚ್ಚಿತು. ಬಾಗಿಲು ತೆಗೆದಳು.

ಅವನು ನಿಂತಿದ್ದ. ಪಕ್ಕದಲ್ಲಿ ಪಾರ್ಸಲ್, ಹಗ್ಗವಿಲ್ಲದೆ.

“ಕಾಗದ ಓದಿ ಹೇಳಿದೆ,” ಎಂದ ಅವನು. “ಮೂರು ಸಲ. ಉತ್ತರ ತಾನೇ ಕೊಡ್ತಾನಂತೆ.”

ಪಾರ್ಸಲ್ ಅವಳ ಬೆರಳು ಮೂಸಿ, ರಕ್ತದ ಚುಕ್ಕೆ ನೆಕ್ಕಿ, ಸೀದಾ ಹಿತ್ತಿಲಿಗೆ ನಡೆಯಿತು. ಇಬ್ಬರೂ ಅದರ ಹಿಂದೆಯೇ ಹೋದರು. ದೊಡ್ಡಮ್ಮ ಹಾರಿ ಬಂದು ಮೂತಿಗೆ ಸರಿಯಾಗಿ ಒಂದು ಕುಕ್ಕಿತು. ಅಷ್ಟು ದೊಡ್ಡ ನಾಯಿ ಕುಂಯ್ ಎಂದು ಪುದೀನದ ಮೇಲೆ ಮಲಗಿಬಿಟ್ಟಿತು. ಒಂದು ಮರಿ ಅದರ ಮುಂಗಾಲಿನ ಮೇಲೆ ಹತ್ತಿತು. ಪಾರ್ಸಲ್ ಉಸಿರು ಬಿಗಿಹಿಡಿದುಕೊಂಡಿತು.

ಅವಳ ಕಣ್ಣು ತುಂಬಿ ಬಂತು. “ಇವನು ಕ್ಷಮಿಸಿದ್ನಾ?”

“ಇವನು ಎಂದೂ ಬೇಜಾರೇ ಮಾಡ್ಕೊಂಡಿರಲಿಲ್ಲ. ನನಗೇ ಎಂಟು ದಿನ ಹಿಡಿತು.” ಅವನು ಬಗ್ಗಿ ಪಾರ್ಸಲ್‌ನ ಬೆನ್ನು ಸವರಿದ. “ಕೋಪ ಕೋಳಿಗಲ್ಲ ರೀ. ದಿನಾ ಮಾತಾಡ್ತಿದ್ವಲ್ಲ, ಆಗ್ಲೂ ಹೇಳ್ಲಿಲ್ವಲ್ಲ ಅಂತ. ಆಮೇಲೆ ಅನ್ಸಿತು... ಬೀದಿಯವರ ಮುಂದೆ ‘ಇವತ್ತೇ ಗೊತ್ತಾಯ್ತು’ ಅಂದಿದ್ರೆ ನಾನು ನಂಬ್ತಿದ್ದೆ. ಯಾಕೆ ಅನ್ಲಿಲ್ಲ?”

“ಇನ್ನೊಂದು ಸುಳ್ಳು ಹೊರೋಕೆ ಜಾಗ ಇರ್ಲಿಲ್ಲ ನನ್ನಲ್ಲಿ.”

ಅವನು ಬೇಲಿಯ ಬಳಿ ಹೋಗಿ ಜೇಬಿನಿಂದ ಇಕ್ಕಳ ತೆಗೆದ. “ಈ ಜಾಲರಿ ಬಿಚ್ಚಿಬಿಡ್ಲಾ? ದಿನಾ ಗೇಟು ಸುತ್ತಿ ಬರೋದು ದೂರ ಆಗುತ್ತೆ.”

“ದಿನಾ... ಬರ್ತೀರಾ?”

“ನೀವು ಹೇಳಿದ್ರೆ.”

ಅವಳು ತಲೆ ತಗ್ಗಿಸಿದಳು. ಕಿವಿಯವರೆಗೂ ಕೆಂಪಾಯಿತು. ಈ ನಾಚಿಕೆಯೇ ಬೇರೆ, ಇದರಲ್ಲಿ ನೋವಿರಲಿಲ್ಲ. ತುಟಿಯಲ್ಲೇ ಮೂರು ಮಾತು ಅಂದಳು.

“ಏನಂದ್ರಿ?” ಅವನು ಬಾಗಿದ. “ಬೈದಿದ್ದು ಇಡೀ ಬೀದಿಗೆ ಕೇಳಿಸ್ತು. ತಪ್ಪು ಒಪ್ಕೊಂಡಿದ್ದೂ ಬೀದಿಗೆಲ್ಲ ಕೇಳಿಸ್ತು. ಇದು ನನಗೇ ಕೇಳಿಸ್ಲಿಲ್ಲವಲ್ಲ!”

“ಇದು ಬೀದಿಗಲ್ಲ,” ಎಂದಳು ಅವಳು. “ಹತ್ತಿರ ಬನ್ನಿ.”