ಗಾಜಿನ ಬೀರುವಿನ ಡ್ರಿಲ್

ದೂರು ಬಂದದ್ದು ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ. ದೂರುದಾರ ಕಂಟ್ರಾಕ್ಟರ್, ಹೊಸ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಒಂದು ಆಫೀಸಿನ ಇಂಟೀರಿಯರ್ ಕೆಲಸ ಹಿಡಿದವನು. ಅಲ್ಲಿ ಗಾಜಿನ ಬೀರುವಿನಲ್ಲಿಟ್ಟಿದ್ದ ಗೋಡೆ ಕೊರೆಯುವ ದುಬಾರಿ ಹ್ಯಾಮರ್ ಡ್ರಿಲ್ ಕಾಣೆಯಾಗಿತ್ತು.

“ಯಾರ ಮೇಲೆ ಅನುಮಾನ?” ಇನ್ಸ್‌ಪೆಕ್ಟರ್ ಕೇಳಿದರು.

“ಪೇಂಟರ್‌ಗಳು ಸಾರ್, ಹೊರಗಿನೋರು. ನನ್ನ ಮೇಸ್ತ್ರಿ ಅಪ್ಪಟ ಚಿನ್ನ. ನನ್ನ ಹೆಂಡತಿ ತಮ್ಮ, ನಮ್ಮನೇಲೇ ಇರ್ತಾನೆ. ಕಳ್ಳನ್ನ ಮಾತ್ರ ಬಿಡಬೇಡಿ, ಕಂಬಿ ಎಣಿಸಬೇಕು ಅವನು!”

“ಬೀರುವಿನ ಕೀಲಿಕೈ?”

“ಒಂದೇ ಇರೋದು ಸಾರ್. ರಾತ್ರಿ ಮನೇಲಿ ಮೊಳೆಗೆ ನೇತು ಹಾಕ್ತೀನಿ.”

ಎಫ್‌ಐಆರ್ ದಾಖಲಾಯಿತು. ಪೇಂಟರ್‌ಗಳನ್ನು ಠಾಣೆಗೆ ಕರೆಸಿ ಕೂರಿಸಿ, ಇನ್ಸ್‌ಪೆಕ್ಟರ್ ದಫೇದಾರನೊಂದಿಗೆ ಹೋಗಿ ಸ್ಥಳ ಪಂಚನಾಮೆ ಮಾಡಿದರು. ಬೀಗ ಒಡೆದಿರಲಿಲ್ಲ. ಲೇಸರ್ ಲೆವೆಲ್, ಬ್ಯಾಟರಿ ಸ್ಕ್ರೂಡ್ರೈವರ್, ಬೆಲೆಬಾಳುವ ಸಣ್ಣ ಸಾಮಾನುಗಳೆಲ್ಲ ಹಾಗೇ ಇದ್ದವು.

“ಇದೆಂಥಾ ದಡ್ಡ ಕಳ್ಳ ಸಾರ್!” ದಫೇದಾರ ತಲೆ ಕೆರೆದುಕೊಂಡ. “ಜೇಬಿಗೆ ಹಿಡಿಸೋವಂಥದ್ದನ್ನ ಬಿಟ್ಟು ಕೂಸಿನಷ್ಟು ಭಾರದ್ದು ಹೊತ್ಕೊಂಡು ಹೋಗಿದಾನೆ!”

ಇನ್ಸ್‌ಪೆಕ್ಟರ್ ನಗಲಿಲ್ಲ. ಕದ್ದವನಿಗೆ ಬೇಕಿದ್ದದ್ದು ದುಡ್ಡಲ್ಲ, ಆ ಯಂತ್ರವೇ. ಯಾಕೆ? ಡ್ರಿಲ್ ಮಾರಿದ ಅಂಗಡಿಗೆ ಹೋದರು.

“ಆರಿಸಿದ್ದು ಅವರ ಮೇಸ್ತ್ರಿ ಸಾರ್,” ಎಂದ ಅಂಗಡಿಯವನು. “ಒಂದೊಂದನ್ನೂ ಹಿಡಿದು, ಕೊರೆದು, ಕಲ್ಲಂಗಡಿ ಆರಿಸೋರ ಹಾಗೆ ನೋಡಿದ.”

“ಅಂಥದ್ದೇನಿದೆ ಇದರಲ್ಲಿ?”

“ಕೈಗೆ ನಡುಕ ಹತ್ತಲ್ಲ. ಅಗ್ಗದ್ದನ್ನ ವರ್ಷಗಟ್ಟಲೆ ಹಿಡಿದ್ರೆ ಬೆರಳು ಜೋಮು ಹಿಡಿದು ಸತ್ತೇ ಹೋಗುತ್ತೆ. ಆದ್ರೆ ಕಂಟ್ರಾಕ್ಟರು ಅದನ್ನ ಕೆಲಸಕ್ಕೇ ಕೊಡಲ್ವಂತೆ. ಗಿರಾಕಿಗಳಿಗೆ ತೋರ್ಸೋಕೆ ಇಟ್ಕೊಂಡಿದಾರಂತೆ!”

ಕೀಲಿಕೈ ಮೊಳೆಗೆ ನೇತಾಡುವ ಮನೆಯಲ್ಲೇ ಮೇಸ್ತ್ರಿಯೂ ಇರುವುದು ಇನ್ಸ್‌ಪೆಕ್ಟರ್‌ಗೆ ನೆನಪಾಯಿತು. ಮಧ್ಯಾಹ್ನ ಎರಡಕ್ಕೆ ಮತ್ತೆ ಮೆಟ್ಟಿಲು ಹತ್ತಿದರು. ಮೇಲೆ ಗೋಡೆ ಕೊರೆಯುವ ಸದ್ದು. ಬೂಟಿನ ಸಪ್ಪಳ ಕೇಳಿದ್ದೇ ನಿಂತುಹೋಯಿತು. ಒಳಗೆ ಧೂಳು ಇನ್ನೂ ಇಳಿದಿರಲಿಲ್ಲ. ಮೇಸ್ತ್ರಿ ಒಬ್ಬನೇ ಇದ್ದ, ಕಾಲ ಬಳಿ ಅಗ್ಗದ ಡ್ರಿಲ್. ಇನ್ಸ್‌ಪೆಕ್ಟರ್ ಬಗ್ಗಿ ಮುಟ್ಟಿ ನೋಡಿದರು. ತಣ್ಣಗಿತ್ತು.

“ಈಗ ಕೊರೀತಿದ್ದದ್ದು ಯಾವುದ್ರಿಂದಪ್ಪಾ?”

ಮೇಸ್ತ್ರಿ ಫಾಲ್ಸ್ ಸೀಲಿಂಗಿನ ಕಡೆ ನೋಡಿದ. ದಫೇದಾರ ಏಣಿ ಹತ್ತಿ ಬಿಸಿ ಆರದ ಡ್ರಿಲ್ ಇಳಿಸಿದ. ಅಯ್ಯೋ ಪುಣ್ಯಾತ್ಮ! ಭಾವನ ಡ್ರಿಲ್ ಕದ್ದು ಭಾವನ ಕೆಲಸವನ್ನೇ ಮಾಡುತ್ತಿದ್ದ.

“ಕೇಳಿ ತಗೋಬಾರದಿತ್ತಾ?”

“ಕೇಳ್ದೆ ಸಾರ್, ಕೊಡ್ಲಿಲ್ಲ. ಬೆರಳು ಸತ್ತಿದೆ ಅಂದ್ರೆ ನಾಳೆನೇ ಇನ್ನೊಬ್ಬನ್ನ ತರ್ತಾರೆ. ಬಿಟ್ಟು ಹೋದ್ರೆ ಅಕ್ಕ ಭಾವನ ಕೈಲಿ ಬೈಸ್ಕೋಬೇಕು. ಬಾಯಲ್ಲಿ ಬಿಸಿತುಪ್ಪ ಇಟ್ಕೊಂಡಂಗೆ ಆಗಿದೆ ನನ್ನ ಬಾಳು.”

ಮೂರಕ್ಕೆ ದಸ್ತಗಿರಿ. ಪೇಂಟರ್‌ಗಳನ್ನು ಬಿಟ್ಟು ಕಳಿಸಿದರು. ಸಂಜೆ ಭಾವ ಓಡೋಡಿ ಬಂದ.

“ದೂರು ವಾಪಸ್ ತಗೋತೀನಿ ಸಾರ್! ಮನೆಗೆ ಯಾವ ಮುಖ ಇಟ್ಕೊಂಡು ಹೋಗ್ಲಿ?”

“ಎಫ್‌ಐಆರ್ ಏನು ಅಂಗಡಿ ಸಾಮಾನಾ, ಬೇಡ ಅಂದ್ರೆ ವಾಪಸ್ ಕೊಡೋಕೆ? ಇನ್ನು ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ಏನಿದ್ರೂ ಕೋರ್ಟಲ್ಲಿ ಹೇಳ್ಕೊಳ್ಳಿ.” ಹೇಳುವಾಗ ಅವರಿಗೂ ಸಂಕಟವಾಯಿತು.

ದಫೇದಾರ ಮೇಸ್ತ್ರಿಯ ಬೆರಳಚ್ಚು ತೆಗೆಯುತ್ತಿದ್ದ. “ಸಡಿಲ ಬಿಡಪ್ಪಾ, ಅಷ್ಟೊಂದು ಒತ್ತಬೇಡ.”

“ಒತ್ತಿದೀನಾ ಸಾರ್? ನಂಗೆ ತಿಳಿಯಲ್ಲ. ನೀವೇ ಹಿಡ್ಕೊಂಡು ಮಾಡ್ಸಿ.”

ಭಾವ ಆ ಬೆಳ್ಳಗೆ ಬಿಳಿಚಿದ ಬೆರಳುಗಳನ್ನು ಮೊದಲ ಸಲ ನೋಡಿದ. “ಒಂದು ಮಾತು ಹೇಳಬಾರದಿತ್ತೇನೋ?”

“ಹೇಳಿದ್ರೆ ಡ್ರಿಲ್ ಕೊಡ್ತಿದ್ರಾ ಭಾವ, ಇಲ್ಲಾ ಕೆಲಸದಿಂದ ತೆಗೀತಿದ್ರಾ?”

ಭಾವ ಮೇಜಿನ ಮೇಲೆ ಜಪ್ತಿಯಾಗಿ ಕೂತಿದ್ದ ಡ್ರಿಲ್ ಕಡೆ ನೋಡಿದ. ದಫೇದಾರ ಮುಂದಿನ ಬೆರಳು ಹಿಡಿದುಕೊಂಡ.