ಸಿಗ್ನಲ್ ಸಿಗುವ ಹೊಲ

ಒಂದು ನಿಮಿಷ, ಬೇರೆ ಕಥೆಗೆ ಹೋಗಬೇಡಿ! ದೇವಿಕಾಳದ್ದು ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ.

ತೆಲಂಗಾಣದ ಮಕ್ತಲ್ ಊರಾಚೆ, ಬೆಳಿಗ್ಗೆ ಏಳು ಗಂಟೆ. ನೀರು ತುಂಬಿಕೊಂಡು ಬಂದ ದೇವಿಕಾ ಬೆಚ್ಚಿ ನಿಂತಳು. ಅವರ ಮನೆಗಾಡಿಯ ಮೇಲೆ ಯಾರೋ ಒಬ್ಬ... ಕೈಯಲ್ಲಿ ಅವಳ ವೈಫೈ ಡಬ್ಬಿ!

“ಏ ಕಳ್ಳ! ಇಳಿ ಕೆಳಗ! ಇಲ್ಲಂದ್ರ ಕಲ್ಲು ಒಗಿತೀನಿ!”

“ಒಗಿರಿ, ಆದ್ರ ಡಬ್ಬಿಗೆ ಬೀಳದಂಗ ಒಗಿರಿ! ತಗಡಿನ ಗಾಡಿಯೊಳಗ ಇಟ್ರ ಸಿಗ್ನಲ್ ಹೆಂಗ ಬರ್ತೈತ್ರಿ? ನಿಮ್ಮಪ್ಪಾರ ಕರದಾರ, ಕೇಳ್ರಿ.”

ಕುರಿಗಳ ನಡುವೆ ನಿಂತಿದ್ದ ಅಪ್ಪ ಆಶಪ್ಪ ನಕ್ಕ. “ಮೊಬೈಲ್ ಅಂಗಡಿ ಭೀಮಶಂಕರ್ ಅದಾನವ್ವ. ಕಲ್ಲು ಕೆಳಗಿಡು.”

ಆಶಪ್ಪನ ಕುರಿ ಹಿಂಡು ನಾರಾಯಣಪೇಟೆಯಿಂದ ಗದ್ವಾಲ್ ಕಡೆಗೆ ಹೊರಟಿತ್ತು. ಹಳೇ ಟೆಂಪೋವೇ ಮನೆ. ಎರಡು ಹಾಸಿಗೆ, ಒಂದು ಒಲೆ, ಒಂದು ಲ್ಯಾಪ್‌ಟಾಪ್. ಗಾಡಿ ಓಡಿಸುವವಳೂ ದೇವಿಕಾ, ದಿನಾ ಸಂಜೆ ಐದಕ್ಕೆ ಅದರೊಳಗೆ ಕೂತು ಮಕ್ಕಳಿಗೆ ಆನ್‌ಲೈನ್ ಗಣಿತ ಹೇಳಿಕೊಡುವವಳೂ ಅವಳೇ.

ಕೆಲಸ ಹೊಸದು. ಪಾಠ ಆಗಲೇ ಎರಡು ಸಲ ನಡುವೆ ಕಟ್ ಆಗಿತ್ತು. ಮೂರನೇ ಸಲ ಆದರೆ ಕೆಲಸ ಹೋದಂತೆಯೇ! ಕೋಸಗಿಯ ಸೋದರತ್ತೆ ಚನ್ನವೀರಮ್ಮ ಅದಕ್ಕೇ ಕಾಯುತ್ತಿದ್ದಳು. “ಕುರಿ ಹಿಂದ ತಿರಗಿ ಪಾಠ ಹೇಳೋದು ಯಾ ಊರಾಗೈತಿ? ಸುಮ್ನ ನಮ್ಮನಿಗೆ ಬಂದಿರು.”

‘ಅಪ್ಪನನ್ನೂ ಬಿಡುವುದಿಲ್ಲ, ಪಾಠವನ್ನೂ ಬಿಡುವುದಿಲ್ಲ!’ ದೇವಿಕಾಳ ಹಠ ಅದು.

ಭೀಮಶಂಕರ್ ಡಬ್ಬಿಯನ್ನು ಉದ್ದ ಬಿದಿರಿನ ತುದಿಗೆ ಕಟ್ಟಿದ. ಬೇರೆ ಕಂಪನಿಯ ಇನ್ನೊಂದು ಸಿಮ್ ಕೊಟ್ಟ. ಮುಂದೆ ಯಾವ ಯಾವ ಹೊಲದಲ್ಲಿ ಇಳಿಯುತ್ತಾರೆಂದು ಕೇಳಿಕೊಂಡ. ಹೋಗುವಾಗ ತಿರುಗಿ ನೋಡಿದ... ದೇವಿಕಾಳೂ ನೋಡುತ್ತಿದ್ದಳು!

ಮೂರನೇ ದಿನ ಹಿಂಡು ಶಂಕರಯ್ಯನ ಹೊಲದಲ್ಲಿ ಕೂರಬೇಕಿತ್ತು. ಕುರಿ ಕೂತರೆ ಹೊಲಕ್ಕೆ ಗೊಬ್ಬರ, ಆಶಪ್ಪನಿಗೆ ಜೋಳ. ಮಧ್ಯಾಹ್ನ ಶಂಕರಯ್ಯನೇ ಫೋನ್ ಮಾಡಿದ.

“ಬರಬ್ಯಾಡ್ರಿ ಆಶಪ್ಪ. ಆ ಮಕ್ತಲ್ ಭೀಮಶಂಕರ್ ಬಂದು ಬ್ಯಾಡ ಅಂದಾನ.”

ದೇವಿಕಾಳ ಎದೆ ಉರಿದುಹೋಯಿತು. ತಕ್ಷಣ ಭೀಮಶಂಕರ್‌ಗೆ ಫೋನ್ ಹಚ್ಚಿದಳು.

“ನಮ್ಮ ಹೊಟ್ಟಿ ಮ್ಯಾಲ ಹೊಡಿಯಾಕೇನು ದಾರಿ ಕೇಳಿದ್ದಿ?”

“ದೇವಿಕಾ ಅವರ, ಒಂದು ಮಾತು...”

ಕಟ್! ಬ್ಲಾಕ್!

ಅಷ್ಟರಲ್ಲಿ ಗುರುಲಿಂಗ ಎಂಬ ರೈತ ಹುಡುಕಿಕೊಂಡು ಬಂದು ತನ್ನ ಹೊಲಕ್ಕೆ ಕರೆದ. ದಿಬ್ಬದ ಮೇಲಿನ ಹೊಲ. ಐದು ಗಂಟೆಗೆ ದೇವಿಕಾ ಪಾಠ ಶುರು ಮಾಡಿದಳು. ಹತ್ತು ನಿಮಿಷ... ಅರ್ಧ ಗಂಟೆ... ಪೂರ್ತಿ ಒಂದು ಗಂಟೆ!

“ಮೇಡಂ, ಈ ರೋಜು ಕಟ್ ಕಾಲೇದು!” ಇವತ್ತು ಕಟ್ಟೇ ಆಗಲಿಲ್ಲವೆಂದು ಮಗುವೊಂದು ತೆಲುಗಿನಲ್ಲಿ ಕೂಗಿತು.

ದೇವಿಕಾ ಹೊರಗೆ ಓಡಿದಳು. “ಗುರುಲಿಂಗಣ್ಣ, ಇಲ್ಲಿ ಸಿಗ್ನಲ್ ಭಾಳ ಚಲೋ ಐತ್ರಿ!”

“ಇರದ ಏನವ್ವ? ಭೀಮಶಂಕರ್ ಎರಡು ದಿನ ಫೋನ್ ಎತ್ತಿ ಹಿಡಕೊಂಡು ಹೊಲ ಹೊಲ ತಿರಗ್ಯಾನ. ಹುಚ್ಚು ಹಿಡದೈತಿ ಅಂದ್ವಿ ನಾವು! ಶಂಕರಯ್ಯಂದು ತಗ್ಗಿನ ಹೊಲ, ಒಂದು ಕಡ್ಡಿನೂ ಬರಂಗಿಲ್ಲಂತ. ಅದಕ್ಕ ನನ್ನ ಹೊಲ ಕೇಳ್ದ.”

ಅಯ್ಯೋ... ಏನು ಮಾಡಿಬಿಟ್ಟೆ ನಾನು!

ಬ್ಲಾಕ್ ತೆಗೆದಳು. ಒಂದೇ ರಿಂಗಿಗೆ ಎತ್ತಿದ.

“ಎಲ್ಲಿದ್ದೀರಿ?”

“ಜೂರಾಲ ಹತ್ರ. ನಿಮ್ಮ ನಾಳಿನ ಹೊಲ ನೋಡಾಕತ್ತೀನಿ.”

“ಅಷ್ಟು ಬೈದ ಮ್ಯಾಲೂ?”

“ಬೈದ್ರ ಸಿಗ್ನಲ್ ಹೋಗ್ತೈತೇನ್ರಿ?”

“ನಂದು ತಪ್ಪಾತು. ಆದ್ರ ನಮ್ಮ ದಾರಿ ನಮ್ಮನ್ನ ಕೇಳದ ಬದಲಿಸಬಾರದಿತ್ತು ನೀವು.”

“ಹೌದ್ರಿ, ಅದು ನನ್ನ ತಪ್ಪ. ಇನ್ನ ಮ್ಯಾಲ ಕೇಳೇ ಮಾಡ್ತೀನಿ. ಮತ್ತ... ಇನ್ನೊಂದು ಹೇಳಲೇನು? ನೀವಂದ್ರ ನನಗ ಭಾಳ ಇಷ್ಟ.”

ದೇವಿಕಾ ಫೋನನ್ನು ಎದೆಗೆ ಒತ್ತಿ ಹಿಡಿದಳು.

“ಹಲೋ? ಕಟ್ ಆತೇನ್ರಿ?”

“ಇಲ್ಲ... ಇದ್ದೀನಿ. ಮದುವಿ ಆದ್ರೂ ನಾ ಅಪ್ಪನ ಜೋಡಿ ತಿರಗಾಕಿ, ನೋಡ್ರಿ!”

“ನಾನೂ ತಿರಗ್ತೀನಿ. ಫೋನು ಎಲ್ಲಾ ಊರಾಗೂ ಕೆಡ್ತಾವ.”

ಅವಳಿಗೆ ನಗುವೂ ಬಂತು, ಅಳುವೂ ಬಂತು. “ಹಂಗಾದ್ರ ಮುಂಜಾನೆ ಬಂದು ಅಪ್ಪನ್ನ ಕೇಳ್ರಿ.”

“ಹೊಲದ ಮಾತೇನ್ರಿ?”

“ಹೊಲ ಅಲ್ಲೋ ಹುಚ್ಚಪ್ಪ... ನನ್ನ ಮಾತು!”

ಈಗ ಹೇಳಿ... ನಿಮ್ಮನ್ನು ಕೇಳದೆ ನಿಮ್ಮ ದಾರಿ ಬದಲಿಸಿದವನು, ಅದನ್ನು ನಿಮಗಾಗಿಯೇ ಬದಲಿಸಿದ್ದರೆ, ದೇವಿಕಾಳ ಜಾಗದಲ್ಲಿ ನೀವು ಏನು ಮಾಡುತ್ತಿದ್ದಿರಿ?