ಇಬ್ಬರೂ ಸೇರಿ ನಿಲ್ಲಿಸಬೇಕಿದ್ದ ಮರ

"ಕೊಡಲಿ ಹಿಡಿ, ಸೊಯ್ಲಾ!"

ಆ ದನಿ ಕೇಳುತ್ತಲೇ ಸೊಯ್ಲಾ ತಿರುಗಿದಳು. ಎದುರಿಗೆ ಕೈಚಾಚಿ ನಿಂತಿದ್ದವನು ಊರಿನ ಮೇಯರ್ ಅಬ್ಸಲೋನ್. ಕೂದಲ ತುಂಬ ಕಾರ್ನಿವಲ್ ಹಬ್ಬದ ಆಟಕ್ಕೆ ಯಾರೋ ಎರಚಿದ ಪೌಡರ್. ಅದರಡಿಯಲ್ಲಿ ನಿಜವಾದ ನರೆಯೂ ಇತ್ತು...

ಚೌಕದ ನಡುವೆ ನೆಟ್ಟ ಕಾರ್ನಿವಲ್ ಮರದಲ್ಲಿ ಬಲೂನು, ಕಂಬಳಿ, ಬುಟ್ಟಿಗಳು ತೂಗುತ್ತಿದ್ದವು. ಜೋಡಿಗಳು ಕುಣಿಯುತ್ತ ಬಂದು, ಬುಡಕ್ಕೊಂದು ಏಟು ಹಾಕಿ, ಕೊಡಲಿಯನ್ನು ಮುಂದಿನವರಿಗೆ ದಾಟಿಸುತ್ತಿದ್ದರು. ಯಾರ ಏಟಿಗೆ ಮರ ಉರುಳುತ್ತದೋ ಆ ಜೋಡಿಯೇ ಮುಂದಿನ ವರ್ಷ ತಮ್ಮ ಖರ್ಚಿನಲ್ಲಿ ಹೊಸ ಮರ ನಿಲ್ಲಿಸಬೇಕು.

"ಹೋಗೇ! ಮೇಯರ್ ಕಚ್ಚಿದ್ರೆ ನನ್ನ ಕೇಳು," ಎಂದು ಎದೆಲ್ಮಿರಾ ಅಜ್ಜಿ ಬೆನ್ನಿಗೆ ಗುದ್ದಿದಳು. ಎಲ್ಲರೂ ಗೊಳ್ಳೆಂದರು.

ಇಪ್ಪತ್ತು ವರ್ಷಗಳ ಹಿಂದೆ ಇದೇ ಚೌಕದಲ್ಲಿ ಸೊಯ್ಲಾ, ಅಬ್ಸಲೋನ್ ಇಬ್ಬರ ಏಟಿಗೇ ಮರ ಉರುಳಿತ್ತು. ಆಗ ಅವನು ಹೊಸ ವಕೀಲ. ಅವಳು ಹುಲ್ಲಿನ ಟೋಪಿ ಹೆಣೆಯುವ ಅಂಗಡಿಯ ಮಹಡಿಯಲ್ಲೇ ಅವನ ಕಚೇರಿ. ಕಕ್ಷಿದಾರರು ಫೀಸಿನ ಬದಲು ಕೊಟ್ಟ ಕೋಳಿಗಳು ಮೆಟ್ಟಿಲ ತುಂಬ ಓಡಾಡುತ್ತಿದ್ದವು.

"ವಕೀಲ್ರೇ, ನಿಮ್ಮ ಸಾಕ್ಷಿಗಳು ಮೊಟ್ಟೆ ಇಟ್ಟಿವೆ!" ಎಂದು ಅವಳು ಕೆಳಗಿನಿಂದ ಕೂಗುತ್ತಿದ್ದಳು. ಅವನು ನಗುತ್ತ ಇಳಿದು ಬರುತ್ತಿದ್ದ. ಎಂಥ ದಿನಗಳು ಅವು!

"ಮುಂದಿನ ಕಾರ್ನಿವಲ್‌ಗೆ ಮರ ನಿಲ್ಲಿಸಿ, ಅದರ ಕೆಳಗೇ ನಿಮ್ಮಮ್ಮನ ಹತ್ರ ನಿನ್ನನ್ನ ಕೇಳ್ತೀನಿ," ಎಂದಿದ್ದ.

ಕಾರ್ನಿವಲ್ ಬಂತು. ಅವನು ಬರಲಿಲ್ಲ. ಅವಳ ತಮ್ಮ ವಿಲ್ದೆರ್ ಕೂಡ ಕಬ್ಬು ಕಡಿಯಲು ಕರಾವಳಿಗೆ ಹೋಗುತ್ತೇನೆಂದು ಹೊರಟಿದ್ದ. ಊರೆಲ್ಲ ನೋಡುತ್ತಿರುವಾಗ ಸೊಯ್ಲಾ ಒಬ್ಬಳೇ ಮುಂದೆ ನಿಂತು ಮರ ನಿಲ್ಲಿಸಿದ್ದಳು. ವಾರದ ನಂತರ ಬಂದವನು ಕ್ಷಮೆ ಕೇಳಿದನೇ ಹೊರತು, ಎಲ್ಲಿದ್ದೆ ಎಂದು ಬಾಯಿಬಿಡಲಿಲ್ಲ.

'ಟೋಪಿ ಹೆಣೆಯುವವಳು ವಕೀಲನಿಗೆ ಸಾಟಿಯೇ?' ಅದಕ್ಕೇ ಅವನು ಬರಲಿಲ್ಲ ಎಂದುಕೊಂಡು ಅವಳು ಬಾಗಿಲು ಹಾಕಿಕೊಂಡಳು.

ಅವನು ಮದುವೆಯಾಗಲಿಲ್ಲ. ಊರವರ ಕೇಸುಗಳನ್ನೇ ಕಟ್ಟಿಕೊಂಡ. ಅವರೇ ಅವನನ್ನು ಮೇಯರ್ ಮಾಡಿದರು. ಊರಿನ ಜೋಡಿಗಳಿಗೆಲ್ಲ ಪುರಸಭೆಯಲ್ಲಿ ಅವನೇ ಮದುವೆ ಮಾಡಿಸಿದ. ಸೊಯ್ಲಾ ಒಂದಕ್ಕೂ ಹೋಗಲಿಲ್ಲ.

ಈಗ ಇಬ್ಬರೂ ಮರದ ಸುತ್ತ ಹೆಜ್ಜೆ ಹಾಕತೊಡಗಿದರು.

"ನಿಮ್ಮ ಅಧಿಕಾರ ಈ ವರ್ಷಕ್ಕೆ ಮುಗಿಯುತ್ತಂತಲ್ಲ, ಮೇಯರ್ ಸಾಹೇಬ್ರೇ?"

"ಹೂಂ. ಮತ್ತೆ ಕೋಳಿ ವಕೀಲ."

ನಗು ಉಕ್ಕಿತು, ತಡೆದುಕೊಂಡಳು. "ಒಂದು ಹೇಳಿ. ಆವತ್ತು ಎಲ್ಲಿದ್ರಿ?"

ಅವನ ಹೆಜ್ಜೆ ತಪ್ಪಿತು. "ಹೇಳೋ ಹಾಗಿಲ್ಲ, ಸೊಯ್ಲಾ. ಅದು ನನ್ನ ಗುಟ್ಟಲ್ಲ. ಒಬ್ಬ ಕಕ್ಷಿದಾರನದ್ದು."

"ಇಷ್ಟು ವರ್ಷ ಆದ್ಮೇಲೂ?"

"ಇಷ್ಟು ವರ್ಷ ಆದ್ಮೇಲೂ."

"ಹಾಗಾದ್ರೆ ಈ ಕೊಡಲೀನ ಬೇರೆ ಯಾರಿಗಾದ್ರೂ ಕೊಡಿ!"

ತಿರುಗಿದವಳ ದಾರಿಗೆ ವಿಲ್ದೆರ್ ಅಡ್ಡ ನಿಂತಿದ್ದ. ಕುಣಿಯುವವರಿಗೆ ಚಿಚಾ ಎಂಬ ಜೋಳದ ಹೆಂಡ ಸುರಿದು ಕೊಡುತ್ತಿದ್ದ ಅವನು ಇವರ ಮಾತು ಕೇಳಿಸಿಕೊಂಡು ಹೂಜಿ ಕೆಳಗಿಟ್ಟು ಬಂದಿದ್ದ.

"ಅಕ್ಕಾ... ಆ ಕಕ್ಷಿದಾರ ನಾನೇ."

"ಏನಂದೆ?"

"ನಾನು ಕಬ್ಬಿನ ಗದ್ದೆಗೆ ಹೋಗಿರ್ಲಿಲ್ಲ. ಪಕ್ಕದೂರಲ್ಲಿ ಕುಡಿದು ಒಬ್ಬನ ತಲೆ ಒಡೆದು ಲಾಕಪ್‌ನಲ್ಲಿದ್ದೆ. ಪೊಲೀಸ್ರು ಹೊಡೀದಿರ್ಲಿ ಅಂತ ಇವರು ವಾರವಿಡೀ ಬಾಗಿಲಲ್ಲೇ ಕೂತಿದ್ರು. ಅಮ್ಮನ ಎದೆ ವೀಕು, ಮನೇಲಿ ಯಾರಿಗೂ ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ದೆ. ಅಮ್ಮ ಹೋದ್ಮೇಲೂ... ನಿನ್ನ ಮುಖ ನೋಡಿ ಹೇಳೋ ಧೈರ್ಯ ಬರ್ಲಿಲ್ಲ."

"ಪಾಪಿ! ನಿನ್ನನ್ನ ಆಮೇಲೆ ನೋಡ್ಕೋತೀನಿ."

ಅವಳು ಅಬ್ಸಲೋನ್‌ನತ್ತ ತಿರುಗಿದಳು. ಕಣ್ಣು ತುಂಬಿತ್ತು. "ನನ್ನ ಕಳ್ಕೋತೀಯ ಅಂತ ನಿಂಗೆ ಗೊತ್ತಿರ್ಲಿಲ್ವೇನೋ?"

"ಗೊತ್ತಿತ್ತು." ಅವನು ಕೊಡಲಿ ಕೆಳಗಿಳಿಸಿದ. "ಆದ್ರೆ ಅವನನ್ನ ಬಿಟ್ಟುಕೊಟ್ಟು ನಿನ್ನನ್ನ ಪಡೀಬೇಕಿತ್ತಾ?"

ಸೊಯ್ಲಾ ಮರದತ್ತ ನೋಡಿದಳು.

ಬುಡ ಮುಕ್ಕಾಲು ಕಡಿದಾಗಿತ್ತು. ಮುಂದಿನ ವರ್ಷದ ಖರ್ಚಿಗೆ ಹೆದರಿ ಎಲ್ಲರೂ ಮೆಲ್ಲಗೆ ತಟ್ಟಿ ಜಾರಿಕೊಳ್ಳುವ ಹೊತ್ತು ಅದು. ಅವಳು ಅವನ ಕೈಯ ಮೇಲೆ ಕೈಯಿಟ್ಟು, ಕೊಡಲಿ ಎತ್ತಿ, ಇಷ್ಟು ವರ್ಷಗಳ ಸಿಟ್ಟನ್ನೆಲ್ಲ ಸೇರಿಸಿ ಬೀಸಿದಳು.

ಮರ ಲಟಲಟನೆ ಮುರಿದು ಉರುಳಿತು! ಜನ ಕಂಬಳಿ, ಬುಟ್ಟಿಗಳಿಗೆ ಮುಗಿಬಿದ್ದರು. ಆ ಗದ್ದಲದ ನಡುವೆ ಇಬ್ಬರೇ ಅಲುಗದೆ ನಿಂತಿದ್ದರು.

"ಮುಂದಿನ ವರ್ಷ ಮರ ನಿಲ್ಲಿಸ್ಬೇಕು, ಗೊತ್ತಲ್ಲ?" ಸೊಯ್ಲಾ ಕೇಳಿದಳು.

"ಗೊತ್ತು."

"ಆವತ್ತೂ ಯಾರಾದ್ರೂ ಲಾಕಪ್‌ನಲ್ಲಿದ್ರೆ?"

ಅವನು ಅವಳ ಹಣೆಯ ಮೇಲಿನ ಪೌಡರ್ ಮೆಲ್ಲಗೆ ಒರೆಸಿದ. "ಯಾರು ಅಂತ ಕೇಳ್ಬೇಡ. ಎಲ್ಲಿಗೆ ಅಂತ ಹೇಳಿ ಹೋಗ್ತೀನಿ."

"ಹೇಳೋದೂ ಬೇಡ," ಎಂದಳು ಸೊಯ್ಲಾ. "ಮರ ವಿಲ್ದೆರ್ ನಿಲ್ಲಿಸ್ತಾನೆ. ಬುತ್ತಿ ಕಟ್ಕೊಂಡು ನಾನೂ ನಿನ್ನ ಜೊತೆ ಬರ್ತೀನಿ."